ಒಪ್ಪಿಕೊಂಡ ಮೇಲೆ ಏನು?

ಕೆಲಸದ ಜಾಗದಲ್ಲಿ ಬದಲಾವಣೆ ಬಂದಾಗ ಜನರ ಮನಸ್ಸು ಹೇಗೆ ಹೊಯ್ದಾಡುತ್ತದೆ ಎಂಬುದಕ್ಕೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಒಂದು ರೇಖೆ ಎಳೆದು ತೋರಿಸುವುದುಂಟು. ಮೊದಲು ನಿರಾಕರಣೆ, ಆಮೇಲೆ ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಎಲಿಜಬೆತ್ ಕುಬ್ಲರ್-ರಾಸ್ 1969ರಲ್ಲಿ ಈ ಹಂತಗಳನ್ನು ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಕಂಡು. ಸಾವಿನ ಮುಂದೆ ಒಪ್ಪದೆ ವಿಧಿಯಿಲ್ಲ. ಕಂಪನಿಯ ಸುತ್ತೋಲೆಯ ಮುಂದೆಯೂ ಹಾಗೆಯೇ?

ಈ ಪ್ರಶ್ನೆ ಇಟ್ಟುಕೊಂಡು ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದರೆ ಕತೆಯ ಬೇರೊಂದು ಮಗ್ಗುಲು ಕಾಣುತ್ತದೆ. ನಿರೂಪಕನ ಅಪ್ಪ ಚಹಾಪುಡಿ ಮಾರುವ ಸೇಲ್ಸ್‌ಮನ್. ಲೆಕ್ಕ ತಾಳೆಯಾಗದ ದಿನ ಇಡೀ ಮನೆ ಸುತ್ತ ಕೂತು ಕೂಡಿ ಕಳೆಯುತ್ತದೆ. ನೌಕರಿ ಒಬ್ಬರದು, ಆತಂಕ ಎಲ್ಲರದು. ಕಂಪನಿ ಅವರನ್ನು ಸ್ವಯಂ ನಿವೃತ್ತಿಗೆ ದೂಡುತ್ತದೆ. ಬಂದ ಹಣ ಚಿಕ್ಕಪ್ಪನ ಮಸಾಲೆ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ರೇಖೆಯ ಪ್ರಕಾರ ಇದು ಸುಖಾಂತ: ಹೊಂದಿಕೊಂಡರು, ಸಿರಿವಂತರೂ ಆದರು. ಶಾನಭಾಗರ ಕತೆ ಕಟುವಾಗುವುದು ಅಲ್ಲಿಂದಲೇ. ಒಟ್ಟಾಗಿ ಲೆಕ್ಕ ನೋಡುತ್ತಿದ್ದ ಮನೆ ಈಗ ಒಟ್ಟಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ.

ಕತೆಗೊಂದು ಮಿತಿಯೂ ಇದೆ. ಅಪ್ಪನ ನೌಕರಿ ಹೋದದ್ದು ನಮಗೆ ಮನೆಯೊಳಗಿಂದಷ್ಟೇ ಕಾಣುತ್ತದೆ. ಅವರ ಜೊತೆಗಾರರು ಒಟ್ಟಿಗೆ ಕೂತು ದನಿಯೆತ್ತುವ ದೃಶ್ಯ ಇಲ್ಲಿಲ್ಲ. ಆ ದೃಶ್ಯಕ್ಕೆ ಶಿವಮೊಗ್ಗದ ಓದುಗರು ದೂರ ಹೋಗಬೇಕಿಲ್ಲ, ಪಕ್ಕದಲ್ಲೇ ಭದ್ರಾವತಿಯಿದೆ. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯ ಸುತ್ತ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಬೆಳೆದವು. ಇಲ್ಲಿ ಲೆಕ್ಕ ತಪ್ಪಿದರೆ ಕೂತು ನೋಡಬೇಕಾದದ್ದು ಇಡೀ ಊರು. ಅದೇ ಊರಿನ ಕಾಗದ ಕಾರ್ಖಾನೆ ಎಂ.ಪಿ.ಎಂ. 2015ರಲ್ಲಿ ನಿಂತದ್ದನ್ನು ಕಂಡಿದ್ದ ಜನರಿಗೆ, 2023ರ ಜನವರಿಯಲ್ಲಿ ವಿ.ಐ.ಎಸ್.ಎಲ್. ಮುಚ್ಚುವ ನಿರ್ಧಾರದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಅದಕ್ಕೆ ಕಾರಣಗಳು ಹಲವಿರಬಹುದು, ಕಾರ್ಖಾನೆಯ ಸಂಕಟವೂ ಅಲ್ಲಿಗೆ ತೀರಲಿಲ್ಲ. ಆದರೆ ಜನರ ಸಿಟ್ಟನ್ನು ಯಾರಾದರೂ ಜಾಣತನದಿಂದ 'ನಿಭಾಯಿಸಿ' ಬೇಗನೆ ಒಪ್ಪಿಗೆಗೆ ತಂದಿದ್ದರೆ, ಕೇಳುವವರೇ ಇರುತ್ತಿರಲಿಲ್ಲ.

ನಾಳೆ ಮ್ಯಾನೇಜರ್ ಆಗಲಿರುವ ವಿದ್ಯಾರ್ಥಿ ಈ ಕತೆಯನ್ನು ಓದಬೇಕು. ನೌಕರನ ಸಿಟ್ಟಿನಲ್ಲಿ ಒಂದು ಲೆಕ್ಕವಿರುತ್ತದೆ: ಏನು ಹೋಗುತ್ತಿದೆ, ಯಾರ ಪಾಲಿನದು ಹೋಗುತ್ತಿದೆ ಎಂಬ ಲೆಕ್ಕ. ಅದನ್ನು ಕೇಳಿಸಿಕೊಳ್ಳುವ ಮೊದಲೇ ಸಮಾಧಾನ ಹೇಳಿದರೆ ಬಾಯಿ ಮುಚ್ಚಬಹುದು, ಸಿಕ್ಕು ಬಿಡಿಸಿದಂತಾಗುವುದಿಲ್ಲ. ಘಾಚರ್ ಘೋಚರ್ ಎಂದರೆ ಅದೇ ಅಲ್ಲವೇ, ಬಿಡಿಸಲಾಗದ ಸಿಕ್ಕು?