ಹೊರಡದ ಎಂಜಿನ್, ಕ್ರಮವಿಲ್ಲದ ಪಟ್ಟಿ

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು, ಬೈಲಹೊಂಗಲಗಳ ಸೀಮೆಯನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ರೇಣುಕಾಸಾಗರವಾಗಿ ನಿಂತು, ಅಲ್ಲಿಂದ ರಾಮದುರ್ಗದತ್ತ ಹರಿಯುತ್ತದೆ. ಅಣೆಕಟ್ಟೆಯ ಕೆಳಗಿನ ಊರುಗಳಿಗೆ ವರ್ಷದ ಬಹುಪಾಲು ಯಂತ್ರದ ದೋಣಿಯ ಅಗತ್ಯವೇ ಬೀಳುವುದಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ನೆರೆಯ ನೀರು ರಾಮದುರ್ಗದ ಮನೆಗಳಿಗೆ ನುಗ್ಗಿದಂಥ ದಿನ ಬೇಕಾಗುವುದು ದೋಣಿಯೇ. ತಿಂಗಳುಗಟ್ಟಲೆ ಸುಮ್ಮನೆ ಕುಳಿತು, ಕರೆದ ದಿನ ತಪ್ಪದೆ ಚಾಲೂ ಆಗಬೇಕಾದ ಎಂಜಿನ್ ಇದು. ಸತಾಯಿಸುವುದೂ ಹೆಚ್ಚಾಗಿ ಇಂಥ ಎಂಜಿನ್ನೇ. ಆಗ ನಾವು ತೆರೆಯುವುದು ಕೈಪಿಡಿಯ ಕೊನೆಯ ಪುಟವನ್ನು. ದೋಷ, ಕಾರಣ, ಪರಿಹಾರ ಎಂಬ ಮೂರು ಅಂಕಣಗಳ ಈ ಪಟ್ಟಿಯನ್ನು ವಿಜ್ಞಾನದ ಬರಹವೆಂದು ಪರಿಗಣಿಸಿ ಒಮ್ಮೆ ವಿಮರ್ಶಿಸಿ ನೋಡೋಣ.

ಮೊದಲು ಪಟ್ಟಿಯ ಗುಣ. ಅದು ಹೇಳುವ ಕಾರಣಗಳೆಲ್ಲ ಸಾಮಾನ್ಯವಾಗಿ ನಿಜವೇ: ತೊಟ್ಟಿಯಲ್ಲಿ ಇಂಧನವಿಲ್ಲ, ಇಂಧನ ಹಳೆಯದು, ಶೋಧಕ ಕಟ್ಟಿದೆ, ಸ್ಪಾರ್ಕ್ ಪ್ಲಗ್ ಕೊಳೆಯಾಗಿದೆ, ಸುರಕ್ಷತಾ ಕ್ಲಿಪ್ ಹಾಕಿಲ್ಲ, ಗೇರ್ ತಟಸ್ಥದಲ್ಲಿಲ್ಲ, ಸಂಪೀಡನ ಕಡಿಮೆ. ದೋಷ ಇರುವುದು ಜೋಡಣೆಯಲ್ಲಿ. ಒಂದು ಕ್ಷಣದಲ್ಲಿ ಕಣ್ಣಿಗೆ ಕಾಣುವ ಕ್ಲಿಪ್ಪೂ ಅರ್ಧ ದಿನ ಬಿಚ್ಚಿ ನೋಡಬೇಕಾದ ಸಿಲಿಂಡರೂ ಒಂದೇ ಸಾಲಿನಲ್ಲಿ, ಒಂದೇ ತೂಕದಲ್ಲಿ ನಿಲ್ಲುತ್ತವೆ. ಯಾವುದನ್ನು ಮೊದಲು ನೋಡಬೇಕು? ಏಕೆ? ಪಟ್ಟಿ ಮೌನವಾಗಿರುತ್ತದೆ. ಗಾಬರಿಯಲ್ಲಿರುವ ಓದುಗ ಪ್ಲಗ್ ಬದಲಿಸುತ್ತಾನೆ, ಜೊತೆಗೆ ಪೆಟ್ರೋಲನ್ನೂ ಬದಲಿಸುತ್ತಾನೆ, ಕಾರ್ಬ್ಯುರೇಟರಿನ ತಿರುಪನ್ನೂ ತಿರುಗಿಸುತ್ತಾನೆ. ಎಂಜಿನ್ ಹೊರಟರೂ ಕಾರಣ ಗೊತ್ತಾಗುವುದಿಲ್ಲ. ಹೊರಡದಿದ್ದರೆ, ಹಳೆಯ ದೋಷದ ಜೊತೆಗೆ ಹೊಸದೊಂದು ಸೇರಿಕೊಂಡಿರಬಹುದು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕು ಎಂದು ಪ್ರಯೋಗಶಾಲೆಯಲ್ಲಿ ನಾವು ಕಲಿಸುತ್ತೇವಷ್ಟೆ? ಕೈಪಿಡಿ ಅದನ್ನೇ ಮರೆಸುತ್ತದೆ.

ಹಾಗಾದರೆ ಕ್ರಮ ಯಾವುದು? ಪೆಟ್ರೋಲ್ ಎಂಜಿನ್ ಹೊರಡಲು ಬೇಕಾದದ್ದು ಮೂರು: ತಕ್ಕ ಪ್ರಮಾಣದ ಇಂಧನದ ಆವಿ ಮತ್ತು ಗಾಳಿ, ಸಂಪೀಡನ, ಸಕಾಲದಲ್ಲಿ ಕಿಡಿ. ಮೊದಲು ಖರ್ಚಿಲ್ಲದ ಪರೀಕ್ಷೆಗಳು: ಕ್ಲಿಪ್, ಗೇರ್, ತೊಟ್ಟಿಯ ಗಾಳಿತಿರುಪು, ಇಂಧನ ಒತ್ತುವ ರಬ್ಬರ್ ಗುಂಡಿನ ಬಾಣದ ದಿಕ್ಕು. ಗಾಳಿತಿರುಪು ಮುಚ್ಚಿದ್ದರೆ ಎಂಜಿನ್ ಹೊರಟು ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತದೆ. ಇಂಧನ ಹೊರಹೋದಂತೆ ತೊಟ್ಟಿಯೊಳಗಿನ ಒತ್ತಡ ಕುಸಿಯುವುದೇ ಇದಕ್ಕೆ ಕಾರಣ.

ಇಷ್ಟಾದ ಮೇಲೆ ನಾಲ್ಕಾರು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ ನೋಡಿ. ಅದರ ತುದಿ ಒಣಗಿದೆಯೇ, ಒದ್ದೆಯಾಗಿದೆಯೇ? ಒಣಗಿದ್ದರೆ ಇಂಧನ ಬರುತ್ತಿಲ್ಲ. ಕೊಳವೆ, ಶೋಧಕ, ಕಾರ್ಬ್ಯುರೇಟರ್ ಕಡೆ ಹುಡುಕಿ. ಒದ್ದೆಯಾಗಿದ್ದರೆ ಇಂಧನದ ದಾರಿ ಸರಿ. ಕಿಡಿ ಇಲ್ಲ, ಇಂಧನ ಅತಿಯಾಗಿದೆ, ಇಲ್ಲವೇ ಇಂಧನವೇ ಕೆಟ್ಟಿದೆ. ಒಂದೇ ವೀಕ್ಷಣೆ ಪಟ್ಟಿಯ ಬಹುಭಾಗವನ್ನು ಅಳಿಸಿತು! ಹದಿನಾರು ಸಾಧ್ಯತೆಗಳನ್ನು ಪ್ರತಿ ಸಲ ಅರ್ಧಕ್ಕೆ ಇಳಿಸಬಲ್ಲ ಪರೀಕ್ಷೆಗಳಿದ್ದರೆ ನಾಲ್ಕೇ ಹೆಜ್ಜೆಗೆ ಒಂದು ಉಳಿಯುತ್ತದೆ. ಗಣಿತದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕೈಪಿಡಿಯ ಎರಡನೆಯ ಕೊರತೆ, ಕಾರಣ ಹೇಳದೆ ಆಜ್ಞೆ ಕೊಡುವುದು. 'ಹಗ್ಗವನ್ನು ಚುರುಕಾಗಿ ಎಳೆಯಿರಿ' ಎನ್ನುತ್ತದೆ. ಏಕೆ? ಗತಿಚಕ್ರದಲ್ಲಿರುವ ಕಾಂತಗಳು ಸುರುಳಿಯ ಪಕ್ಕದಲ್ಲಿ ಹಾದಾಗ ವಿದ್ಯುತ್ ಪ್ರೇರಿತವಾಗುತ್ತದೆ. ಫ್ಯಾರಡೆ ತೋರಿಸಿಕೊಟ್ಟಂತೆ, ಕಾಂತಕ್ಷೇತ್ರ ಬದಲಾಗುವ ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಮೆಲ್ಲಗೆ ಎಳೆದರೆ ಪ್ಲಗ್ಗಿನ ಬಿರುಕನ್ನು ದಾಟುವ ಕಿಡಿಯೇ ಹುಟ್ಟದು. ಈ ಒಂದು ವಾಕ್ಯ ಕೈಪಿಡಿಯಲ್ಲಿದ್ದರೆ, ಸೋತ ಕೈಯಿಂದ ಐವತ್ತು ಸಲ ಎಳೆಯುವುದಕ್ಕಿಂತ ಬಿಡುವು ಕೊಟ್ಟು ಐದು ಸಲ ಎಳೆಯುವುದು ಮೇಲೆಂದು ಯಾರಿಗಾದರೂ ತಿಳಿಯುತ್ತಿತ್ತು.

ಚೋಕ್ ವಿಷಯವೂ ಹೀಗೆಯೇ. ಉರಿಯುವುದು ದ್ರವವಲ್ಲ, ಆವಿ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಹಗುರ ಅಂಶಗಳಷ್ಟೇ ಆವಿಯಾಗುವುದರಿಂದ ಚೋಕ್ ಎಳೆದು ಇಂಧನದ ಪಾಲು ಹೆಚ್ಚಿಸುತ್ತೇವೆ. ಕರಾವಳಿಯ ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲಿನಿಂದ ಹೊರಡಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವುದೂ ಇದೇ ತತ್ತ್ವದಿಂದ. ಆದರೆ ಬಯಲುಸೀಮೆಯ ಬಿಸಿಲಲ್ಲಿ ಕಾದ ಎಂಜಿನ್ನಿಗೆ, ಅಥವಾ ಆಗತಾನೆ ನಿಂತ ಎಂಜಿನ್ನಿಗೆ, ಪೂರ್ತಿ ಚೋಕ್ ಕೊಟ್ಟರೆ ಸಿಲಿಂಡರಿನೊಳಗೇ ಇಂಧನದ ನೆರೆ! ಆಗ ಕ್ಲಿಪ್ ಕಿತ್ತು ಕಿಡಿಯನ್ನು ನಿಲ್ಲಿಸಿ, ಪ್ಲಗ್ ಬಿಚ್ಚಿ ಒರೆಸಿ, ಚೋಕ್ ತೆರೆದು, ಕೆಲವು ಸಲ ಎಳೆದು ಒಳಗನ್ನು ಒಣಗಿಸಬೇಕು.

ಹಳೆಯ ಇಂಧನದ ಬಗ್ಗೆ ಪಟ್ಟಿ ಹೇಳುವುದು 'ಬದಲಿಸಿ' ಎಂಬ ಒಂದೇ ಪದ. ಹಗುರ ಅಂಶಗಳು ಹಾರಿಹೋದ ಪೆಟ್ರೋಲ್ ಸುಲಭವಾಗಿ ಹೊತ್ತುವುದಿಲ್ಲ. ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗ ಇನ್ನೊಂದು ಅಂಶವೂ ಸೇರಿದೆ. ದೇಶದಲ್ಲಿ ಪೆಟ್ರೋಲಿಗೆ 20 ಪ್ರತಿಶತ ಎಥನಾಲ್ ಬೆರೆಸುವ ಗುರಿ 2025ರಲ್ಲಿ ಈಡೇರಿತು. ಕಬ್ಬು ಬೆಳೆಯುವ ಈ ಸೀಮೆಗೆ ಎಥನಾಲ್ ಅಪರಿಚಿತವೇನಲ್ಲ. ಅದು ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಇಂಧನ ಹೀರುವುದು ಆ ತಳದಿಂದಲೇ! ಎರಡು ಹೊಡೆತದ ಎಂಜಿನ್ನಾದರೆ ಬೆರೆಸಿದ ಎಣ್ಣೆ ಮೇಲಿನ ಪದರದಲ್ಲೇ ಉಳಿಯುತ್ತದೆ; ಆದ್ದರಿಂದ ಅಪಾಯ ಇಮ್ಮಡಿ. ತಳದ ಇಂಧನವನ್ನು ಗಾಜಿನ ಶೀಸೆಗೆ ತೆಗೆದಿಟ್ಟರೆ ಪದರಗಳ ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ಇಂಥ ಸರಳ ಪರೀಕ್ಷೆಯನ್ನು ಪಟ್ಟಿ ಏಕೆ ಹೇಳಬಾರದು?

ನಮ್ಮ ಪಠ್ಯಪುಸ್ತಕಗಳನ್ನೂ ಇಲ್ಲಿ ಬಿಡುವಂತಿಲ್ಲ. ಎಂಜಿನ್ನಿನ ಹೊಡೆತಗಳ ಚಿತ್ರ ಯಾವಾಗಲೂ ಓಡುತ್ತಿರುವ ಎಂಜಿನ್ನಿನದು. ಮೊದಲ ಹೊಡೆತಕ್ಕೆ ಶಕ್ತಿ ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ. ಚಿತ್ರ ಬರೆದು ಪೂರ್ಣ ಅಂಕ ಪಡೆದ ವಿದ್ಯಾರ್ಥಿ ಹೊರಡದ ಎಂಜಿನ್ನಿನ ಮುಂದೆ ಕೈಕಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಅಧ್ಯಾಪಕರೇ, ಇದನ್ನು ಕಲಿಸಲು ದೋಣಿಯೇ ಬೇಕೆಂದಿಲ್ಲ. ಹೊಲದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಸಿಂಪರಣಾ ಯಂತ್ರಕ್ಕೂ ಇದೇ ಮೂರು ಅಗತ್ಯಗಳು, ಇವೇ ಕಾಯಿಲೆಗಳು. ಬಯಲಿನಲ್ಲಿ, ಬೆಂಕಿಯಿಂದ ದೂರ, ಬಲ್ಲವರ ಸಮ್ಮುಖದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿ. ಬಳಿಕ ಕೈಪಿಡಿಯ ಪಟ್ಟಿಯನ್ನು ಅವರಿಂದಲೇ ಕನ್ನಡದಲ್ಲಿ ಮತ್ತೆ ಬರೆಸಿ. ಅಂಕಣಗಳನ್ನು ಮಾತ್ರ ಬದಲಿಸಿ: ಏನು ನೋಡಿದೆ, ಅದರಿಂದ ಯಾವ ಕಾರಣ ತಳ್ಳಿಹೋಯಿತು, ಮುಂದೆ ಏನು ನೋಡಬೇಕು. ದೋಣಿ ಇರುವಲ್ಲಿ ಇನ್ನೊಂದು ಸಾಲು ಸೇರಲಿ: ಪ್ರತಿ ಮುಂಗಾರಿಗೆ ಮೊದಲು ಹಳೆಯ ಇಂಧನ ತೆಗೆದು, ಹೊಸದನ್ನು ತುಂಬಿ, ನೀರು ತುಂಬಿದ ಪೀಪಾಯಿಯಲ್ಲಿ ಎಂಜಿನ್ನಿನ ಕೆಳಭಾಗವನ್ನು ಮುಳುಗಿಸಿ ಓಡಿಸಿ ನೋಡಬೇಕು. ಒಣಗಿದಲ್ಲೇ ಓಡಿಸಿದರೆ ತಂಪುನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ನೆರೆ ಬಂದ ದಿನ ಓದಬೇಕಾದ ಪುಟವಲ್ಲ ಇದು. ಮೇ ತಿಂಗಳಲ್ಲೇ ಓದಿ ಮುಗಿಸಬೇಕಾದದ್ದು.