ಆರನೆಯ ಅಂಕಿ

ರಾತ್ರಿ ದೂರದ ಎಎಂ ನಿಲ್ದಾಣಗಳನ್ನು ಹುಡುಕಿ ಕೇಳುವ ಹವ್ಯಾಸಕ್ಕೆ ಡಿಎಕ್ಸಿಂಗ್ ಎಂದು ಹೆಸರು. ಕೇಳಿದ್ದನ್ನು ವರದಿ ಮಾಡಿ ನಿಲ್ದಾಣಕ್ಕೆ ಕಳಿಸಿ, ಕ್ಯೂಎಸ್‌ಎಲ್ ಕಾರ್ಡು ಪಡೆಯುವುದು ವಾಡಿಕೆ. ಆ ವರದಿಯೂ ಒಂದು ಬರವಣಿಗೆಯೇ, ವಿಮರ್ಶೆಗೆ ಹೊರತಲ್ಲ.

ವರದಿಯ ತಿರುಳು ‘ಸಿನ್ಪೋ’ ಎಂಬ ಐದಂಕಿಯ ಸಂಕೇತ. ಸಿಗ್ನಲ್ಲಿನ ಬಲ, ಬೇರೆ ನಿಲ್ದಾಣದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ: ಪ್ರತಿಯೊಂದಕ್ಕೂ 1ರಿಂದ 5.

ತಿರುವನಂತಪುರದ ತಂಪಾನೂರಿನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹುಡುಕುವುದನ್ನೇ ತೆಗೆದುಕೊಳ್ಳಿ. ನೇರ ಗೆರೆಯಲ್ಲಿ ಸುಮಾರು 500 ಕಿ.ಮೀ. ಹಗಲಿನಲ್ಲಿ ಅಯಾನುಗೋಳದ ಡಿ ಪದರ ಮಧ್ಯಮ ತರಂಗವನ್ನು ಹೀರಿಬಿಡುತ್ತದೆ. ಕತ್ತಲಾದ ಮೇಲೆ ಅದು ಕರಗಿ, ಮೇಲಿನ ಪದರಗಳು ತರಂಗವನ್ನು ನೆಲಕ್ಕೆ ಮರಳಿಸುತ್ತವೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಲಾಡ್ಜುಗಳ ಆ ಒತ್ತಿನಲ್ಲಿ ದೀಪ, ಚಾರ್ಜರುಗಳ ಗೊರಗೊರ ಬೇರೆ. ರೇಡಿಯೊವನ್ನು ತುಸು ತಿರುಗಿಸಿದರೆ ಒಳಗಿನ ಫೆರೈಟ್ ಕಡ್ಡಿ ಗದ್ದಲದತ್ತ ಕಿವುಡಾಗಿ ಅರ್ಧ ವಾಕ್ಯ ಕಿವಿಗೆ ಬೀಳಬಹುದು. ಸಿನ್ಪೋ 32322: ಕಳಪೆ.

ಆದರೆ ಕನ್ನಡ ಬಲ್ಲವರಿಗೆ ಅದು ಕಳಪೆಯಲ್ಲ. ಕ್ರಿಯಾಪದ ಏರಿಳಿತದಲ್ಲಿ ಮುಳುಗಿದರೂ ‘ರೈತರಿಗೆ’ ಎಂಬಲ್ಲಿನ ‘ಗೆ’ ಕೇಳಿದರೆ ಸಾಕು, ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ. ಭಾಷೆ ತಿಳಿಯದವರು ‘ಗಂಡು ದನಿ, ಮಾತು’ ಎಂದಷ್ಟೇ ಬರೆದಾರು. ಈ ಅರ್ಥವಾಗುವಿಕೆಗೆ ಆರನೆಯ ಅಂಕಿಯಿಲ್ಲ.

ತಪ್ಪು ಸಂಕೇತದ್ದಲ್ಲ, ಎಂಜಿನಿಯರಿಗೆ ಅಷ್ಟು ಸಾಕು. ಕಾರ್ಯಕ್ರಮದ ವಿವರಕ್ಕೆಂದು ವರದಿಯಲ್ಲೇ ಜಾಗವಿದ್ದರೂ ‘ಮಾತು, ಹಾಡು’ ಎಂದು ಮುಗಿಸುವ ಕನ್ನಡಿಗರ ಸೋಮಾರಿತನದ ಬಗ್ಗೆ ನನ್ನ ತಕರಾರು. ಆ್ಯಪ್‌ನಲ್ಲಿ ಇದೇ ದನಿ ಸ್ವಚ್ಛವಾಗಿ ಸಿಗುತ್ತದೆ, ನಿಜ. ಆದರೆ ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ದೇಶದಲ್ಲಿ ಎಎಂ ಪ್ರಸಾರಕಗಳು ಒಂದೊಂದಾಗಿ ಮುಚ್ಚುತ್ತಿವೆ. ಕನ್ನಡ ಎಲ್ಲಿಯವರೆಗೆ, ಏನು ಹೇಳುತ್ತ ತಲುಪಿತ್ತೆಂಬುದಕ್ಕೆ ಇಂಥ ವರದಿಗಳೂ ಸಾಕ್ಷಿ. ಕೇಳಿದ ಮಾತನ್ನೂ ಬರೆದಿಡೋಣ.