ಮಾತು ಯಾರದು, ಮೈ ಯಾರದು

ದೇವರು ಮೈಮೇಲೆ ಬಂದ ಹೆಂಗಸು ಮಾತಾಡುತ್ತಿದ್ದರೆ ಊರ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ. ದೇವರು ಇಳಿದು, ಯಾರೋ ಮುಖಕ್ಕೆ ನೀರು ಚಿಮುಕಿಸಿ, ಅವಳು ಸೆರಗು ಸರಿಮಾಡಿಕೊಂಡು ಎದ್ದ ಮೇಲೆ ಅದೇ ಯಜಮಾನ ಕೂತ ಜಗಲಿಯ ಮುಂದೆ ದನಿ ಎತ್ತುವಂತಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ‘ಅವಳಾಡಿದ್ದಲ್ಲ, ಅಮ್ಮ ಆಡಿಸಿದ್ದು’ ಎಂದುಬಿಟ್ಟರೆ ಮುಗಿಯಿತು. ಹೆಣ್ಣಿಗೆ ಬಾಯಿ ಕೊಡುವುದೂ ಆ ಮಾತೇ, ಅವಳಾಡಿದ್ದನ್ನು ಅವಳ ಲೆಕ್ಕಕ್ಕೆ ಬರೆಯದಂತೆ ತಡೆಯುವುದೂ ಆ ಮಾತೇ. ಆವೇಶದಲ್ಲೋ ಕನಸಿನಲ್ಲೋ ಒದಗಿತೆಂದು ಹೇಳಿಕೊಳ್ಳುವ ಹೆಣ್ಣಿನ ಕಾವ್ಯವನ್ನು ತೂಗಿ ನೋಡಬೇಕಾದರೆ ಈ ಕೊಟ್ಟು ಕಸಿಯುವ ಆಟವನ್ನೇ ಮೊದಲು ನೋಡಬೇಕು.

ಇದೆಲ್ಲ ನಮ್ಮ ದೇಶದ ಮೌಢ್ಯವೆಂದು ಮೂಗು ಮುರಿಯುವವರು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಡೆ ಒಮ್ಮೆ ತಿರುಗಿ ನೋಡಲಿ. 1848ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಫಾಕ್ಸ್ ಮನೆಯ ಹುಡುಗಿಯರು, ರಾತ್ರಿ ಕೇಳುವ ತಟ್ಟು ಸದ್ದು ಸತ್ತವರ ಮಾತು ಎಂದರು. ಅಲ್ಲಿಂದ ಸ್ಪಿರಿಚುಯಲಿಸಂ ಎಂಬ ಪಂಥವೇ ಹಬ್ಬಿತು. ಅದೇ ವರ್ಷದ ಜುಲೈನಲ್ಲಿ ಅದೇ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಹೆಣ್ಣುಮಕ್ಕಳ ಹಕ್ಕಿನ ಸಮಾವೇಶ ನಡೆಯಿತು. ಈ ಎರಡರ ನಂಟನ್ನು ಇತಿಹಾಸಕಾರ್ತಿ ಆನ್ ಬ್ರಾಡ್ 1989ರ ತಮ್ಮ ಪುಸ್ತಕದಲ್ಲಿ ಎಳೆಎಳೆಯಾಗಿ ಬಿಡಿಸಿದ್ದಾರೆ. ಚರ್ಚಿನ ಪೀಠ ಹತ್ತಲು ಬಿಡದ ಸಮಾಜ, ಕಣ್ಣು ಮುಚ್ಚಿ ಪರವಶಳಾದ ಹೆಣ್ಣು ತುಂಬಿದ ಸಭೆಗೆ ಉಪನ್ಯಾಸ ಕೊಟ್ಟರೆ ಟಿಕೆಟ್ ಕೊಂಡು ಕೇಳಿತು.

ಆ ಸಾಲಿನ ಉಪನ್ಯಾಸಕಿಯರಲ್ಲಿ ಕವಿಯೆಂದು ಹೆಸರಾದವಳು ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನ ಲಿಜ್ಜಿ ಡೋಟನ್. 1860ರ ದಶಕದಲ್ಲಿ ಬಂದ ಆಕೆಯ ಮೊದಲ ಸಂಕಲನದಲ್ಲಿ ಎರಡು ಭಾಗಗಳಿವೆ. ಒಂದರಲ್ಲಿ ಆಕೆಯವೇ ಕವಿತೆಗಳು, ಇನ್ನೊಂದರಲ್ಲಿ ಸಭೆಯೆದುರು ಆತ್ಮಗಳು ಆಡಿಸಿದವು. ಆ ಆತ್ಮಗಳಲ್ಲಿ 1849ರಲ್ಲಿ ತೀರಿಕೊಂಡ ಎಡ್ಗರ್ ಅಲನ್ ಪೋ ಕೂಡ ಇದ್ದಾನೆ. ಪೋನ ಲಯ, ಮರುಕಳಿಸುವ ಪ್ರಾಸ ಎಲ್ಲವೂ ಅಲ್ಲಿವೆ. ಅವನನ್ನು ಕವಿಯಾಗಿಸಿದ ಭಯ ಮಾತ್ರ ಇಲ್ಲ. ಸತ್ತ ಮೇಲೆ ಪೋ ಸುಧಾರಿಸಿ ಧರ್ಮೋಪದೇಶಕ್ಕೆ ಇಳಿದಿದ್ದಾನೆ, ಕವಿತೆ ಸುಧಾರಿಸಿಲ್ಲ. ಆ ಪುಸ್ತಕದ ನಿಜವಾದ ಕುತೂಹಲ ಇರುವುದು ಆ ವಿಭಜನೆಯಲ್ಲಿ. ಇದು ನನ್ನದು, ಇದು ನನ್ನದಲ್ಲ ಎಂದು ಗೆರೆ ಎಳೆದ ಹೆಣ್ಣಿಗೆ ತನ್ನ ಪಾಲು ಎಷ್ಟೆಂಬ ಅರಿವು ಚೆನ್ನಾಗಿಯೇ ಇತ್ತು. ಜನ ಮಾತ್ರ ಗೆರೆಯ ಆಚೆಯದನ್ನೇ ಕೇಳಲು ಬಂದರು.

ಡೋಟನ್ ಬಾಸ್ಟನ್ನಿನಲ್ಲಿ ಪೋನ ಪರವಾಗಿ ಪದ್ಯ ಹೇಳುತ್ತಿದ್ದ ಕಾಲಕ್ಕೇ ನಮ್ಮ ಹರಪನಹಳ್ಳಿಯ ಭೀಮವ್ವ ಹಾಡು ಕಟ್ಟುತ್ತಿದ್ದಳು. ಹರಿದಾಸರ ಪದ್ಧತಿಯಲ್ಲಿ ಅಂಕಿತ ಗುರುವಿನಿಂದ ಬರಬೇಕು. ಭೀಮವ್ವನಿಗೆ ನಾರದರೇ ಕನಸಿನಲ್ಲಿ ಬಂದು ‘ಭೀಮೇಶಕೃಷ್ಣ’ ಎಂಬ ಅಂಕಿತ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಇದನ್ನು ಪವಾಡವೆಂದು ಭಕ್ತರು ಓದಲಿ, ಕಟ್ಟುಕತೆಯೆಂದು ವಿಚಾರವಾದಿಗಳು ಓದಲಿ. ನನಗೆ ಕಾಣುವುದು ಒಂದು ಜಾಣ ದಾರಿ. ಮಠದ ಬಾಗಿಲಲ್ಲಿ ಕಾಯದೆ, ಯಾವ ಗುರುವಿನ ಅಪ್ಪಣೆಗೂ ತಲೆಬಾಗದೆ ಆಕೆ ದಾಸರ ಸಾಲಿಗೆ ಸೇರಿದಳು. ಡೋಟನ್‌ಗೂ ಆಕೆಗೂ ಇರುವ ವ್ಯತ್ಯಾಸ ದೊಡ್ಡದು. ಡೋಟನ್‌ಗೆ ಆತ್ಮಗಳು ಕವಿತೆಯನ್ನೇ ಕೊಟ್ಟವು; ಭೀಮವ್ವನಿಗೆ ನಾರದರು ಕೊಟ್ಟದ್ದು ರುಜು ಹಾಕುವ ಹಕ್ಕು. ಸುಭದ್ರಾ ಕಲ್ಯಾಣ, ನಳಚರಿತ್ರೆ ಮೊದಲಾದ ಕಥನಗೀತೆಗಳನ್ನು ನಾರದರು ಬರೆಸಿದರೆಂದು ಯಾರೂ ಹೇಳುವುದಿಲ್ಲ. ಅವು ಭೀಮವ್ವನ ಹಾಡುಗಳೆಂದೇ ಹೆಂಗಸರ ಬಾಯಲ್ಲಿ, ಆರತಿ ಹಸೆಗಳ ನಡುವೆ ಉಳಿದಿವೆ.

ಅಕ್ಕಮಹಾದೇವಿಗೆ ಕನಸಿನ ನೆವವೂ ಬೇಕಾಗಲಿಲ್ಲ. ಆದರೂ ಶೂನ್ಯಸಂಪಾದನೆ ಕಟ್ಟಿದ ಗಂಡಸರು ಆಕೆಯನ್ನು ಅಲ್ಲಮನ ಮುಂದೆ ನಿಲ್ಲಿಸಿ, ಪ್ರಶ್ನೆ ಕೇಳಿಸಿ, ತೇರ್ಗಡೆಯಾದ ಮೇಲಷ್ಟೇ ಒಳಗೆ ಬಿಟ್ಟರು.

ಆವೇಶ ಮತ್ತು ಕಾವ್ಯ ಬೇರ್ಪಡಿಸಲಾಗದಂತೆ ಬೆರೆತಿರುವುದು ತುಳುನಾಡಿನ ಸಿರಿಯ ಪರಂಪರೆಯಲ್ಲಿ. ಸತ್ಯನಾಪುರದ ಅಜ್ಜ ಬೆರ್ಮಾಳ್ವರ ಮೊಮ್ಮಗಳು ಸಿರಿ ಗಂಡ ಕಾಂತು ಪೂಂಜನ ಅನ್ಯಾಯವನ್ನು ಸಹಿಸದೆ ಅವನನ್ನು ತೊರೆದು ಹೊರಟವಳು. ಅವಳ ಮಗ ಕುಮಾರ, ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಚೆನ್ನೆಮಣೆಯ ಆಟದಲ್ಲಿ ಜಗಳ ಹುಟ್ಟಿ ಅವಳಿಗಳಿಬ್ಬರೂ ಸಾಯುತ್ತಾರೆ. ನಂದಳಿಕೆ, ಕವತ್ತಾರು, ಹಿರಿಯಡಕ ಮೊದಲಾದೆಡೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆಯಲ್ಲಿ ಬಿಳಿ ಸೀರೆಯುಟ್ಟು ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಈ ಪಾತ್ರಗಳೇ ಬರುತ್ತವೆ. ಒಬ್ಬಳು ಸಿರಿಯಾದರೆ ಇನ್ನೊಬ್ಬಳು ಸೊನ್ನೆ, ಮತ್ತೊಬ್ಬಳು ದಾರಗ. ಅವರು ಪರಸ್ಪರ ಕೇಳುವುದೂ ಹೇಳುವುದೂ ಪಾಡ್ದನವೆಂಬ ತುಳು ಕಥನಗೀತೆಯಲ್ಲಿ. ಡೋಟನ್ ಒಬ್ಬಳೇ ವೇದಿಕೆಯ ಮೇಲೆ ನಿಂತು, ಸತ್ತುಹೋದ ಒಬ್ಬ ಗಂಡಸಿನ ದನಿಯಲ್ಲಿ ಮಾತಾಡಬೇಕಿತ್ತು. ಸಿರಿ ಬಳಗದ ಹೆಂಗಸು ಮಾತಾಡುವುದು ಗಂಡನನ್ನು ಬಿಟ್ಟು ಬಂದ ಇನ್ನೊಬ್ಬ ಹೆಣ್ಣಿನ ದನಿಯಲ್ಲಿ, ಅದೂ ನೂರಾರು ಹೆಂಗಸರ ನಡುವೆ. ಕಾವ್ಯವಾಗಿ ನೋಡಿದರೂ ಸಿರಿಯದೇ ತೂಕ. ಅಲ್ಲಿ ಉಪದೇಶವಿಲ್ಲ. ಮನೆ, ಆಸ್ತಿ, ಬಾಣಂತನ, ತವರು, ಅಕ್ಕತಂಗಿಯರ ಮತ್ಸರ ಎಲ್ಲವೂ ಇವೆ.

ಇಷ್ಟು ಹೇಳಿ ಆ ರಾತ್ರಿಯನ್ನು ಸ್ವಾತಂತ್ರ್ಯದ ಹಬ್ಬವೆಂದು ಕೊಂಡಾಡುವವರ ಜೊತೆ ನಾನಿಲ್ಲ. ಮೊದಲ ಸಲ ಬಂದ ಹೆಣ್ಣಿಗೆ ಮಾತು ಹೊರಡದಿದ್ದರೆ ನೀನು ಯಾರೆಂದು ಕೇಳಿ, ಒತ್ತಾಯಿಸಿ ಬಾಯಿ ಬಿಡಿಸುವವನು ಸಿರಿಯ ಮಗ ಕುಮಾರನ ಪಾತ್ರದವನು, ಅಂದರೆ ಒಬ್ಬ ಗಂಡಸು. ಸಂಸಾರದ ಕಷ್ಟವೋ ವಾಸಿಯಾಗದ ಕಾಯಿಲೆಯೋ ತಳ್ಳಿಕೊಂಡು ಬಂದವರೇ ಅಲ್ಲಿ ಹೆಚ್ಚು. ಬೆಳಗಾದರೆ ಅವರು ಹಿಂತಿರುಗುವುದು ಅದೇ ಸಂಸಾರಕ್ಕೆ.

ವಿದ್ವಾಂಸರ ಸಂಗ್ರಹದಲ್ಲಿ ಇನ್ನೊಂದು ವಿಚಿತ್ರ ನಡೆದಿದೆ. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ ಸೇರಿ 1990ರಲ್ಲಿ ದಾಖಲಿಸಿಕೊಂಡ ಸಿರಿ ಮಹಾಕಾವ್ಯ 15,683 ಸಾಲುಗಳದು. 1998ರಲ್ಲಿ ಅಚ್ಚಾದಾಗ ಜಗತ್ತೇ ತಿರುಗಿ ನೋಡಿತು. ಅದನ್ನು ಹಾಡಿದವರು ಗೋಪಾಲ ನಾಯ್ಕರು. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹೆಂಗಸರು ಗದ್ದೆಯಲ್ಲಿ ನಾಟಿ ಮಾಡುತ್ತ ಹಾಡಿಕೊಂಡು ಬಂದ, ಹೆಂಗಸರ ಮೈಮೇಲೆ ಬರುವ ಕತೆ ‘ಮಹಾಕಾವ್ಯ’ವೆಂಬ ಪದವಿ ಪಡೆದದ್ದು ಗಂಡಸಿನ ಬಾಯಿಂದ ಬಂದಾಗ. ಎ. ವಿ. ನಾವಡರು ಗಿಡಿಗೆರೆ ರಾಮಕ್ಕ ಮುಗ್ಗೇರ್ತಿಯವರ ಸಿರಿ ಪಾಡ್ದನವನ್ನು ರಾಮಕ್ಕನವರ ಹೆಸರಿನಲ್ಲೇ ಪುಸ್ತಕವಾಗಿಸಿದ್ದು ಇದಕ್ಕೆ ಸಿಕ್ಕ ಒಳ್ಳೆಯ ಉತ್ತರ. ಆ ಪುಸ್ತಕಕ್ಕೆ ಸಿಗಬೇಕಾದಷ್ಟು ಓದುಗರು ಸಿಕ್ಕಿಲ್ಲ.

ತಾಳವಾಡಿ ಬೆಟ್ಟಸೀಮೆಯಲ್ಲೂ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿದೆ. ಅಲ್ಲಿನ ತಿಗನಾರೆ ಎಂಬ ಹಳ್ಳಿ ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮಾತಿಗೆ ಕನ್ನಡ, ಹರಕೆಗೆ ಒಂದು ಕಡೆ ಮಲೆಯ ಮಾದಪ್ಪ, ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸಿಗುವ ಬಣ್ಣಾರಿ ಅಮ್ಮನ ಕೊಂಡ. ಈ ಸೀಮೆಯ ದೊಡ್ಡ ಕಾವ್ಯ ಮಾದೇಶ್ವರನದು. ಅದರಲ್ಲಿ ಸಂಕಮ್ಮನ ಸಾಲು ಬಂದಾಗ ಕೇಳುವವರ ಉಸಿರೇ ಬಿಗಿಯಾಗುತ್ತದೆ. ಕಾಡಿಗೆ ಹೊರಟ ನೀಲೇಗೌಡ ತನ್ನ ಹೆಂಡತಿಯಿಂದ ಶೀಲದ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಚಿತ್ರಹಿಂಸೆ ಕೊಟ್ಟರೂ ಕೊಡುವುದಿಲ್ಲ. ಸಿರಿ ಮಾತಾಡಿ ಗೆದ್ದರೆ ಸಂಕಮ್ಮ ಗೆಲ್ಲುವುದು ಗಂಡ ಕೇಳಿದ ಆ ಒಂದು ಮಾತನ್ನು ಆಡದೆ. ಅವಳ ಮೈಮೇಲೆ ಯಾವ ದೇವರೂ ಬರುವುದಿಲ್ಲ. ಮಾದಪ್ಪ ಬರುವುದು ಎದುರಿಗೆ, ಅವಳ ಮೊರೆ ಕೇಳಿ. ಅವನು ಕರುಣಿಸಿದ ಕಾರಯ್ಯ ಬಿಲ್ಲಯ್ಯರನ್ನು ಕೊನೆಗೆ ಅವನಿಗೇ ಒಪ್ಪಿಸಬೇಕಾಗುತ್ತದೆ ಎನ್ನುವುದು ಬೇರೆ ಮಾತು. ದೇವರ ಲೆಕ್ಕಾಚಾರ ಬಿಗಿಯೇ.

ಸಂಕಮ್ಮನ ನಿರಾಕರಣೆ ನನ್ನ ಓದಿನಲ್ಲಿ ಇಡೀ ಪರಂಪರೆಯ ಅತ್ಯಂತ ದಿಟ್ಟ ಗಳಿಗೆ. ಡೋಟನ್‌ಗೆ ಪೋ ಬೇಕಾಯಿತು, ಭೀಮವ್ವನಿಗೆ ನಾರದರು ಬೇಕಾದರು. ಸಂಕಮ್ಮ ಎಚ್ಚರದಲ್ಲಿ, ತನ್ನದೇ ಹೆಸರಿನಲ್ಲಿ, ಗಂಡನ ಮುಖ ನೋಡಿಕೊಂಡು ಒಲ್ಲೆ ಎನ್ನುತ್ತಾಳೆ. ಆದರೆ ಆ ‘ಒಲ್ಲೆ’ ನಮಗೆ ತಲುಪುವುದು ಯಾರಿಂದ? ಕಂಸಾಳೆ ಹಿಡಿದ ದೇವರ ಗುಡ್ಡರಿಂದ. ಸಾಹಿತ್ಯ ಅಕಾಡೆಮಿ 2001ರಲ್ಲಿ ಇಂಗ್ಲಿಷಿಗೆ ತಂದ ಪಾಠವೂ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದು. ಅವರ ಹಾಡಿಕೆ ದೊಡ್ಡದು, ಸರಿ. ರಾಗಿ ಬೀಸುತ್ತ, ಸೋಬಾನೆ ಹೇಳುತ್ತ ಹೆಂಗಸರು ಸಂಕಮ್ಮನನ್ನು ಹೇಗೆ ಹಾಡಿಕೊಂಡರು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಹುಡುಕಬೇಕಿತ್ತು. ಗಡಿಯಾಚೆಯ ಕನ್ನಡ ಹಳ್ಳಿಗಳಂತೂ ಕರ್ನಾಟಕದ ಸಂಗ್ರಹಕಾರರಿಗೆ ಹೊರಗಿನವು, ತಮಿಳಿನವರಿಗೆ ಭಾಷೆಯ ತೊಡಕು.

ಈಗ ಪ್ರತಿ ಜಾತ್ರೆಯಲ್ಲೂ ಮೊಬೈಲ್ ಎತ್ತಿ ಹಿಡಿಯುವ ಕೈಗಳಿವೆ. ಮೈತುಂಬಿ ಕುಣಿಯುವ ಹೆಣ್ಣಿನ ಕೆದರಿದ ಕೂದಲು ಊರೂರು ಸುತ್ತುತ್ತದೆ, ಅವಳಾಡಿದ ಮಾತು ತಮಟೆಯ ಸದ್ದಿನಲ್ಲಿ ಮುಳುಗಿರುತ್ತದೆ. ತಾಳವಾಡಿ, ಚಾಮರಾಜನಗರದ ಕಡೆಯ ಕನ್ನಡ ಮೇಷ್ಟರುಗಳಲ್ಲಿ, ಜಾನಪದ ಓದುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ಆವೇಶದ ಹೊತ್ತಿನಲ್ಲಿ ಚಿತ್ರ ತೆಗೆಯಬೇಡಿ. ದೇವರು ಇಳಿದ ಮೇಲೆ, ಇನ್ನೊಂದು ದಿನ, ಆ ಹೆಂಗಸರ ಮನೆಗೇ ಹೋಗಿ ಕೂತು ಕೇಳಿ. ಯಾವ ಹಾಡು ಯಾರಿಂದ ಕಲಿತದ್ದು, ಯಾವ ಸಾಲು ಸ್ವಂತದ್ದು ಎಂದು ಬರೆದುಕೊಳ್ಳಿ. ಅವರು ಒಪ್ಪಿದರೆ ಪುಸ್ತಕದ ಹೊದಿಕೆಯ ಮೇಲೆ ಮೊದಲು ಅವರ ಹೆಸರು ಬರಲಿ, ಸಂಪಾದಕರ ಹೆಸರು ಅದರ ಕೆಳಗಿರಲಿ.